ಅವರ ಒಂದು ಗಂಟೆ, ನಮ್ಮ ಎರಡು ಸೆಕೆಂಡು

ಮಾರ್ಚ್ 3, ಸೋಮವಾರ

ಕೊನೆಗೂ ನನ್ನ ಕೊರಳಿಗೇ ಕಟ್ಟಿದರು. ಹಳೆಯ ಡಯಲ್-ಅಪ್ ಮೋಡೆಮ್‌ಗಳ ಕೋಣೆಯನ್ನು ಈ ತಿಂಗಳು ಮೂವತ್ತೊಂದಕ್ಕೆ ಮುಚ್ಚಬೇಕಂತೆ. ಫೋನಿನ ತಂತಿಯಲ್ಲಿ ಕೀಚಲು ದನಿ ಮಾಡಿಕೊಂಡು ಇಂಟರ್ನೆಟ್ ತರುತ್ತಿದ್ದ ಕಾಲದ ಗಿರಾಕಿಗಳು ಇನ್ನೂ ಹತ್ತೊಂಬತ್ತು ಜನ ಉಳಿದಿದ್ದಾರೆ. ಅವರ ಮನೆಮನೆಗೆ ಹೋಗಿ, ಕೈಕಾಲು ಹಿಡಿದು, ಫೈಬರ್‌ಗೆ ಒಪ್ಪಿಸಬೇಕು. "ನೀವೇ ಹಾಕಿದ್ದಲ್ವಾ, ನೀವೇ ಕಿತ್ತುಬಿಡಿ" ಅಂದರು ಸಾಹೇಬರು. ಸಾಹೇಬರಿಗೆ ಮೂವತ್ನಾಲ್ಕು ವರ್ಷ. ನಾನು ಆ ಮೋಡೆಮ್‌ಗಳನ್ನು ರ‍್ಯಾಕಿಗೆ ಏರಿಸುವಾಗ ಅವರು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದಿರಬೇಕು.

ಮನೆಗೆ ಬಂದಾಗ ಆರೂವರೆ. ಹಗಲು ಹೊತ್ತು ಇವಳನ್ನು, ನನ್ನ ಹೆಂಡತಿಯನ್ನು, ನೋಡಿಕೊಳ್ಳಲು ನಾದಿನಿ ಬರುತ್ತಾಳೆ. ಅಕ್ಕನಿಗಿಂತ ಎಂಟು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ಎಂಟು ವರ್ಷ ದೊಡ್ಡದು. ನಾನು ಒಳಗೆ ಬರುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಜನವರಿ ಹದಿನಾರರಂದು ಇವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿದೆ, ಬಲಗಾಲು ಎಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿದೆ. ತಲೆಯೊಳಗೆ ಎಲ್ಲ ಸರಿಯಿದೆ, ನಾವು ಹೇಳಿದ್ದು ಪೂರ್ತಿ ತಿಳಿಯುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ ಅಷ್ಟೆ. ಒಂದು ಪದ ಬಂದು ಇನ್ನೊಂದು ಬರುವುದರೊಳಗೆ ನಾನು ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಡಬಹುದು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಇದ್ದಾರೆ, ವಾರಕ್ಕೆ ಒಂದು ದಿನ, ಗುರುವಾರ. ಹನ್ನೆರಡು ವಾರ ತುಂಬಿದ ಮೇಲೆ, ಅಂದರೆ ಏಪ್ರಿಲ್ ಹತ್ತಕ್ಕೆ, ಪರೀಕ್ಷೆ. ಅವತ್ತು ಇವಳು ತಾನಾಗಿ, ಯಾರೂ ಎತ್ತಿಕೊಡದೆ, ನಾಲ್ಕು ಪದಕ್ಕೆ ಕಡಿಮೆಯಿಲ್ಲದ ಒಂದು ಪೂರ್ತಿ ವಾಕ್ಯ ಹೇಳಿದರೆ ಚಿಕಿತ್ಸೆ ಮುಂದುವರಿಸುತ್ತಾರೆ. ಇಲ್ಲದಿದ್ದರೆ ಫೈಲು ಮುಚ್ಚಿ, ಸರದಿಯಲ್ಲಿ ಕಾಯುತ್ತಿರುವ ಮುಂದಿನವರನ್ನು ಕರೆಯುತ್ತಾರೆ. ಅಲ್ಲಿಗೆ ಮುಗೀತು. ಸುಸ್ತಾಗಿದೆ, ಇವತ್ತಿಗೆ ಸಾಕು.

ಮಾರ್ಚ್ 5, ಬುಧವಾರ

ಗಿರಾಕಿಗಳಿಗೆ ತೋರಿಸಲು ಒಂದು ಪಟ್ಟಿ ಮಾಡಿದೆ. ಡಯಲ್-ಅಪ್ ಸೆಕೆಂಡಿಗೆ ಐವತ್ತಾರು ಕಿಲೋಬಿಟ್, ಫೈಬರ್ ನೂರು ಮೆಗಾಬಿಟ್. ಭಾಗಿಸಿದರೆ ಸುಮಾರು ಸಾವಿರದ ಎಂಟುನೂರು ಪಟ್ಟು. ಒಂದು ಸಿನಿಮಾ ಇಳಿಸಿಕೊಳ್ಳಲು ಅವರಿಗೆ ಇಪ್ಪತ್ತೆಂಟು ಗಂಟೆ, ನಮಗೆ ಐವತ್ತಾರು ಸೆಕೆಂಡು. ಅವರು ವರ್ಷವಿಡೀ ಬಿಡದೆ ಎಳೆದದ್ದನ್ನು ನಾವು ಐದು ಗಂಟೆಯೊಳಗೆ ಎಳೆದು ಮುಗಿಸಿ ಕೈ ತೊಳೆದುಕೊಳ್ಳಬಹುದು. ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ನಿಮ್ಮ ಒಂದು ಗಂಟೆ, ನಮ್ಮ ಎರಡು ಸೆಕೆಂಡು.

ಸಾಹೇಬರು ಅದನ್ನು ತಿದ್ದಿ ಸಿನಿಮಾಕ್ಕೆ ಏಳು ಸೆಕೆಂಡು ಸಾಕು ಅಂತ ಮಾಡಿದ್ದರು. ವೇಗ ಅಳೆಯುವುದು ಬಿಟ್‌ನಲ್ಲಿ, ಫೈಲು ಅಳೆಯುವುದು ಬೈಟ್‌ನಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್ ಅಂತ ವಿವರಿಸಿದೆ. ಏಳನ್ನು ಎಂಟರಿಂದ ಗುಣಿಸಿ, ಅಷ್ಟೇ ಸಾರ್, ಅಂದೆ. "ಗಿರಾಕಿಗೆ ಅಷ್ಟೆಲ್ಲ ಯಾಕೆ" ಅಂದರು. ನನಗೆ ತಲೆ ಚಿಟ್ಟು ಹಿಡಿಯಿತು. ಮೂವತ್ತು ವರ್ಷದಿಂದ ಈ ಎಂಟನ್ನು ಜನಕ್ಕೆ ತಿಳಿಸಿ ಹೇಳುತ್ತಲೇ ಇದ್ದೇನೆ.

ಮನೆಯಲ್ಲಿ ಇವಳು "ಬಾ" ಅಂದಳು. ಬಾಗಿಲಾ, ಬಾತ್‌ರೂಮಾ, ಬಾಟಲಿಯಾ ಅಂತ ಒಂದೇ ಉಸಿರಿಗೆ ಕೇಳಿದೆ. ಕಣ್ಣು ಮುಚ್ಚಿಕೊಂಡುಬಿಟ್ಟಳು. ಏನು ಬೇಕಾಗಿತ್ತೋ ಇನ್ನೂ ಗೊತ್ತಿಲ್ಲ.

ಮಾರ್ಚ್ 8, ಶನಿವಾರ

ನಾಲ್ಕು ಮನೆ ಮುಗಿಸಿದೆ. ಮೂವರು ಕೇಳಿದ ಕೂಡಲೇ ಒಪ್ಪಿದರು; ಡಯಲ್-ಅಪ್ ಇನ್ನೂ ಇದೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ನಾಲ್ಕನೆಯವರು ನಿವೃತ್ತ ಹೆಡ್‌ಮೇಡಂ. ನನ್ನ ಪಟ್ಟಿಯನ್ನು ಉತ್ತರಪತ್ರಿಕೆ ತಿದ್ದುವ ಹಾಗೆ ಮೇಲಿಂದ ಕೆಳಗೆ ಓದಿದರು. ಆಮೇಲೆ, ಉಳಿದ ಐವತ್ತೊಂಬತ್ತು ನಿಮಿಷ ಐವತ್ತೆಂಟು ಸೆಕೆಂಡಿನಲ್ಲಿ ನಾನು ಏನು ಮಾಡಲಿ ಅಂತ ಕೇಳಿದರು. ಕೇಳಿದ ಧಾಟಿ ನಿಜಕ್ಕೂ ಉತ್ತರ ಬೇಕು ಅನ್ನುವ ಹಾಗಿತ್ತು. ತಲೆ ಕೆರೆದುಕೊಂಡು ಸಹಿ ಹಾಕಿಸಿಕೊಂಡು ಬಂದೆ.

ಮಾರ್ಚ್ 12, ಬುಧವಾರ

ಇವಳ ಮಾತಿಗೆ ಗಡಿಯಾರ ಹಿಡಿದೆ. "ನೀರು ಕೊಡಿ" ಅನ್ನಲು ನಲವತ್ತು ಸೆಕೆಂಡು. ಎರಡೇ ಎರಡು ಪದ. ಅಷ್ಟರಲ್ಲಿ ನಾನು ನೀರು ತಂದು ಕುಡಿಸಿಯೂ ಆಗಿತ್ತು, ಆಮೇಲೂ ಅವಳು "ಕೊಡಿ" ಮುಗಿಸುತ್ತಾ ಇದ್ದಳು. ನಾದಿನಿ ನೋಡಿ, "ಭಾವ, ನಮ್ಮಕ್ಕನ ಮಾತನ್ನೂ ನೀವೇ ಆಡಿಬಿಟ್ರೆ ಅವಳಿಗೆ ಬಾಯಿ ಯಾಕೆ?" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಗಲೆಲ್ಲ ಆರಾಮಾಗಿ ಕೂತುಕೊಂಡು ಇರುವವಳಿಗೆ ಹೇಳುವುದು ಸುಲಭ. (ಇದು ಸುಳ್ಳು. ಅವಳೂ ದಿನವಿಡೀ ಒದ್ದಾಡುತ್ತಾಳೆ. ಸಿಟ್ಟಿನಲ್ಲಿ ಬರೆದೆ.)

ಆಫೀಸಿನ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಇವಳು ನಿಮಿಷಕ್ಕೆ ಮೂರು ಪದ, ನಾನು ನೂರೈವತ್ತು. ಐವತ್ತು ಪಟ್ಟು. ಅವಳ ಒಂದು ಗಂಟೆ ನನ್ನ ಎಪ್ಪತ್ತೆರಡು ಸೆಕೆಂಡು. ಇದಕ್ಕೊಂದು ಉಪಾಯ ಇರಲೇಬೇಕು. ಹಳೇ ತಂತಿ ಕೈಕೊಟ್ಟರೆ ಅದನ್ನು ಉಜ್ಜುತ್ತಾ ಕೂರುವುದಲ್ಲ, ಹೊಸ ದಾರಿ ಎಳೆಯಬೇಕು. ಅದೇ ಅಲ್ಲವೇ ನನ್ನ ಕೆಲಸ.

ಮಾರ್ಚ್ 16, ಭಾನುವಾರ

ಆಯಿತು. ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಟ್ಯಾಬ್ಲೆಟ್ ತಂದು ಎರಡು ದಿನ ಕೂತು ಮಾಡಿದೆ. ನಲವತ್ತೆಂಟು ಚೌಕ, ಒಂದೊಂದರಲ್ಲೂ ಚಿತ್ರ. ನೀರು, ಚಹಾ, ಬಾತ್‌ರೂಮು, ನೋವು, ದೀಪ ಆರಿಸು, ಕಿಟಕಿ ತೆಗೆ, ದಿಂಬು ಸರಿಮಾಡು, ತಂಗಿಗೆ ಫೋನು ಮಾಡು. ಎಡಗೈಯಲ್ಲಿ ಮುಟ್ಟಿದರೆ ಸಾಕು, ಟ್ಯಾಬ್ಲೆಟ್ಟೇ ಹೆಣ್ಣುದನಿಯಲ್ಲಿ ಹೇಳುತ್ತದೆ. ನಲವತ್ತು ಸೆಕೆಂಡಿನದು ಒಂದು ಸೆಕೆಂಡಿಗೆ ಇಳಿಯಿತು.

ಇವಳು ಮೊದಲು ಅದನ್ನೇ ನೋಡುತ್ತಾ ಕೂತಳು. ಆಮೇಲೆ ಕಿಟಕಿಯ ಚಿತ್ರ ಮುಟ್ಟಿದಳು. ಕಿಟಕಿ ತೆಗೆದೆ. ಮುಚ್ಚುವುದನ್ನು ಮುಟ್ಟಿದಳು, ಮುಚ್ಚಿದೆ. ಮತ್ತೆ ತೆಗೆಸಿದಳು. ಮದುವೆಯಾದ ಮೇಲೆ ಅಕ್ಕ ಹೇಳಿದ ಮಾತನ್ನು ಭಾವ ಇಷ್ಟು ಬೇಗ ಕೇಳಿದ್ದು ಇದೇ ಮೊದಲು ಅಂತ ನಾದಿನಿ ನಕ್ಕಳು. ಇವಳೂ ತುಟಿ ಎಳೆದು ನಕ್ಕಳು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು.

ಮಾರ್ಚ್ 20, ಗುರುವಾರ

ಮೇಡಂ ರಜೆ, ಇವತ್ತು ಆಸ್ಪತ್ರೆ ಇಲ್ಲ. ಮನೆ ಶಾಂತವಾಗಿದೆ. ಹದಿನಾರು ಗಿರಾಕಿ ಮುಗಿದರು.

ಮಾರ್ಚ್ 24, ಸೋಮವಾರ

ಉಳಿದಿರುವುದು ವಾಚು ರಿಪೇರಿ ಮಾಡುವ ಯಜಮಾನರು ಒಬ್ಬರೇ. ವಯಸ್ಸು ಎಂಬತ್ತರ ಹತ್ತಿರ. ಅಂಗಡಿ ಅಂದರೆ ಒಂದು ಮೇಜು, ಒಂದು ಕುರ್ಚಿ, ಗೋಡೆ ತುಂಬ ಗಡಿಯಾರ, ಒಂದರ ಟೈಮೂ ಇನ್ನೊಂದಕ್ಕೆ ಹೊಂದುವುದಿಲ್ಲ. ಬಿಡಿಭಾಗಗಳಿಗೆ ದೂರದ ವ್ಯಾಪಾರಿಗಳಿಗೆ ಇಮೇಲ್ ಮಾಡುತ್ತಾರೆ, ಡಯಲ್-ಅಪ್ಪಿನಲ್ಲೇ. ಇದು ನನ್ನ ನಾಲ್ಕನೇ ಸಲ.

ಇವತ್ತು ನನ್ನೆದುರೇ ಸಂಪರ್ಕ ಹಾಕಿದರು. ಡಬ್ಬಿ ಶಿಳ್ಳೆ ಹಾಕಿತು, ಗೊರಗೊರ ಅಂದಿತು, ಮತ್ತೆ ಶಿಳ್ಳೆ. ಇಪ್ಪತ್ತು ವರ್ಷದಿಂದ ಈ ಸದ್ದು ಕೇಳುತ್ತಿದ್ದೇನೆ, ಎರಡು ತುದಿಯ ಡಬ್ಬಿಗಳೂ ಏನು ಮಾತಾಡುತ್ತವೆ ಅಂತ ಯಜಮಾನರು ನನ್ನನ್ನು ಕೇಳಿದರು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ನನ್ನನ್ನು ಅದು ಕೇಳಿರಲಿಲ್ಲ. ಕೂತು ಹೇಳಿದೆ. ಈ ಕಡೆಯ ಮೋಡೆಮ್ ಆ ಕಡೆಯದನ್ನು ನಿನಗೆ ಎಷ್ಟು ವೇಗ ಆಗುತ್ತದೆ ಅಂತ ಕೇಳುತ್ತದೆ. ತಂತಿ ಹಳೆಯದಾಗಿದ್ದರೆ, ಗೊರಗೊರ ಜಾಸ್ತಿಯಿದ್ದರೆ, ಒಂದು ಮೆಟ್ಟಿಲು ಇಳಿಯುತ್ತವೆ. ಆಗಲೂ ಆಗದಿದ್ದರೆ ಇನ್ನೊಂದು. ಇಬ್ಬರಿಗೂ ಆಗುವ ವೇಗ ಸಿಕ್ಕಿದ ಮೇಲೇ ಮಾತು ಶುರು.

"ಅಂದ್ರೆ ಜಾಸ್ತಿ ಓಡೋನೇ ಇಳೀಬೇಕು" ಅಂದರು.

ಮತ್ತೇನು, ನಿಧಾನದ್ದು ಎಲ್ಲಿಂದ ಹತ್ತುತ್ತದೆ, ಅದಕ್ಕೆ ಆಗುವುದೇ ಅಷ್ಟು ಅಂತ ನಾನು ಹೇಳಿದೆ. ಅವರು ತಲೆಯಾಡಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತರು. ಮೂವತ್ತೊಂದಕ್ಕೆ ಬನ್ನಿ, ಕೊನೆಯ ದಿನ ಸಹಿ ಹಾಕುತ್ತೇನೆ ಅಂದರು. ಅಷ್ಟಕ್ಕೆ ಮುಕ್ಕಾಲು ಗಂಟೆ ಹೋಯಿತು. ಯಾಕೋ ಅವಸರ ಅನ್ನಿಸಲಿಲ್ಲ.

ಮಾರ್ಚ್ 27, ಗುರುವಾರ

ಇವತ್ತು ಆಸ್ಪತ್ರೆಯಲ್ಲಿ ಮರ್ಯಾದೆ ಹೋಯಿತು.

ಮೇಡಂ ಇವಳ ಮುಂದೆ ಒಂದು ಲೋಟ ಇಟ್ಟು ಇದೇನು ಅಂತ ಕೇಳಿದರು. ಇವಳು ಸುತ್ತಮುತ್ತ ಟ್ಯಾಬ್ಲೆಟ್ ಹುಡುಕಿದಳು. ನಾನು ಹೆಮ್ಮೆಯಿಂದ ಚೀಲದಿಂದ ತೆಗೆದು ಕೊಟ್ಟೆ. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಾಡಿದವರು ಯಾರು, ಎಷ್ಟು ದಿನವಾಯಿತು, ಈ ದಿನಗಳಲ್ಲಿ ಇವರು ಬಾಯಿಬಿಟ್ಟು ಆಡಿದ ಮಾತು ಯಾವುದು ಅಂತ ಒಂದೊಂದಾಗಿ ಕೇಳಿದರು. ಮೊದಲಿನ ಎರಡಕ್ಕೆ ಪಟಪಟ ಉತ್ತರ ಕೊಟ್ಟೆ. ಮೂರನೆಯದಕ್ಕೆ ಒಂದೊಂದೇ ದಿನ ಹಿಂದಕ್ಕೆ ತಿರುವಿ ನೋಡಿದೆ. ಹನ್ನೊಂದು ದಿನ. ಒಂದು ಮಾತೂ ನೆನಪಿಗೆ ಬರಲಿಲ್ಲ. ಶಾಂತವಾಗಿದೆ ಅಂತ ನಾನೇ ಬರೆದುಕೊಂಡಿದ್ದೆ.

"ಕೆಲವರಿಗೆ ಇದು ಬೇಕೇ ಬೇಕು. ಇವರಿಗೆ ದಾರಿ ಇನ್ನೂ ಇದೆ, ನಡೆದರೆ ಉಳಿಯುತ್ತೆ. ನೀವು ನಡೆಯೋ ಕೆಲಸಾನೇ ತಪ್ಪಿಸಿಬಿಟ್ರಿ" ಅಂದರು ಮೇಡಂ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು.

ಮೊದಲೆಲ್ಲ ಮೂವತ್ತು ದಿನ ಉಪಯೋಗಿಸದ ಲೈನನ್ನು ಕತ್ತರಿಸಿ ಅಂತ ನಾನೇ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೇನೆ. ಪರೀಕ್ಷೆಗೆ ಉಳಿದಿರುವುದು ಎರಡು ವಾರ. ನನ್ನ ಕೈಯಾರೆ ಮಾಡಿದೆ.

ಮಾರ್ಚ್ 28, ಶುಕ್ರವಾರ

ಟ್ಯಾಬ್ಲೆಟ್ ಬೀರುವಿನ ಮೇಲಿಟ್ಟೆ. ಇವಳಿಗೆ ಕೆಟ್ಟ ಸಿಟ್ಟು ಬಂತು. ಎಡಗೈಯಲ್ಲಿ ಚಮಚ ತೆಗೆದು ಎಸೆದಳು. ನನ್ನ ಕಡೆಗೇ ಎಸೆದದ್ದು, ಗುರಿ ತಪ್ಪಿತು. ಬಾಯಿಂದ ಒಂದು ಮಾತೂ ಇಲ್ಲ.

ಮಾರ್ಚ್ 31, ಸೋಮವಾರ

ವಾಚಿನ ಯಜಮಾನರು ಸಹಿ ಹಾಕಿದರು. ಫೈಬರ್ ಹಾಕಿಕೊಟ್ಟೆ. ಇಮೇಲ್ ಬಂದೇ ಬಿಟ್ಟಿತು, ನಾನಿನ್ನೂ ಸರಿಯಾಗಿ ಕೂತಿರಲೂ ಇಲ್ಲ ಅಂದರು. ದೂರಿದರೋ ಹೊಗಳಿದರೋ ತಿಳಿಯಲಿಲ್ಲ.

ಮೋಡೆಮ್ ಕೋಣೆಗೆ ಹೋಗಿ ಒಂದೊಂದೇ ಸ್ವಿಚ್ ಆರಿಸಿದೆ. ಫ್ಯಾನುಗಳು ನಿಂತ ಮೇಲೆ ಕೋಣೆ ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಸಾಹೇಬರು ಕೈಕುಲುಕಿ, ಇನ್ನು ಹಾಯಾಗಿರಿ ಅಂದರು. ಹಾಯೇನೋ ಸರಿ. ಬೀಗ ಹಾಕಿದ ಮೇಲೆ ಮತ್ತೊಮ್ಮೆ ತೆಗೆದು ಒಳಗೆ ಇಣುಕಿದ್ದು ನಿಜ. ಸುಳ್ಳು ಯಾಕೆ ಬರೆಯಲಿ.

ಮನೆಯಲ್ಲಿ ಇವಳು ನೀರಿನ ಕಡೆ ಕೈ ತೋರಿಸಿದಳು. ನಾನು ಎದ್ದವನು ಮತ್ತೆ ಕೂತೆ. ಅವಳು ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. ನಾನು ಕೂತೇ ಇದ್ದೆ. ಪಾಪ ಅನ್ನಿಸಿತು, ಆದರೂ ಕೂತಿದ್ದೆ. ಕೊನೆಗೆ "ನೀ" ಅಂದಳು. ಆಮೇಲೆ "ರು". ಕೊಟ್ಟೆ. ಕುಡಿದು ಲೋಟವನ್ನು ಕುಕ್ಕಿ ಇಟ್ಟಳು.

ಏಪ್ರಿಲ್ 2, ಬುಧವಾರ

ಆಫೀಸಿನಲ್ಲಿ ಕೆಲಸವೇ ಇಲ್ಲ. ಎರಡು ವಾರ ರಜೆ ಬರೆದುಕೊಟ್ಟು ಮನೆಗೆ ಬಂದೆ. ನಾದಿನಿಗೂ ಒಂದಿಷ್ಟು ಬಿಡುವು ಸಿಗಲಿ.

ಬೆಳಿಗ್ಗೆ ಇವಳು "ಬಟ್ಟೆ" ಅಂದಳು. ಅಷ್ಟಕ್ಕೇ ನಿಂತಿತು. ಒಗೆಯುವ ಬಟ್ಟೆಯೋ ಉಡುವ ಬಟ್ಟೆಯೋ ಅಂತ ಕೇಳಲು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡೆ. ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದ, ಅದು ಸ್ಟಾರ್ಟ್ ಆಗಿ ಹೋಯಿತು. "ಮಕ್ಕಳ" ಅಂದಳು. ಮತ್ತೆ ತುಂಬ ಹೊತ್ತು. "ಕೊಡಬೇಕು."

ಇವಳು ಮನೆಯಲ್ಲಿ ಶಾಲೆಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದವಳು. ಹೊಲಿಗೆ ಯಂತ್ರದ ಪಕ್ಕದ ಬುಟ್ಟಿಯಲ್ಲಿ ಜನವರಿಯಿಂದ ಒಂಬತ್ತು ಅಂಗಿ ಹಾಗೇ ಬಿದ್ದಿವೆ, ಗುಂಡಿ ಹಚ್ಚುವುದಷ್ಟೇ ಬಾಕಿ. ಅದು ಇಷ್ಟು ದಿನ ಇವಳ ತಲೆ ತಿನ್ನುತ್ತಿತ್ತು, ನನ್ನ ನಲವತ್ತೆಂಟು ಚೌಕದಲ್ಲಿ ಅದಕ್ಕೊಂದು ಚೌಕ ಇರಲಿಲ್ಲ. ಮಧ್ಯಾಹ್ನ ಕೂತು ನಾನೇ ಗುಂಡಿ ಹಚ್ಚಿದೆ. ಇವಳು ಪಕ್ಕದಲ್ಲಿ ಕೂತು ಎರಡು ಅಂಗಿ ಬಿಚ್ಚಿಸಿ ಮತ್ತೆ ಹಚ್ಚಿಸಿದಳು. "ಓರೆ" ಅಂದಳು. ಇನ್ನೊಂದು ಸಲ "ಅಯ್ಯೋ ಓರೆ" ಅಂದಳು. ಎರಡು ಪದ ಒಟ್ಟಿಗೆ ಬಂದವು ಅಂತ ನಾನು ಹಿಗ್ಗಿದರೆ ಅವಳಿಗೆ ಗುಂಡಿಯದೇ ಚಿಂತೆ.

ಏಪ್ರಿಲ್ 6, ಭಾನುವಾರ

ಸಂಜೆ ನಾದಿನಿ ಬಂದಳು. ಇವಳು ಏನೋ ಶುರು ಮಾಡಿದಳು, ನಡುವೆ ತಡವರಿಸಿದಳು, ನಾದಿನಿ ತಟಕ್ಕನೆ ಎತ್ತಿಕೊಟ್ಟಳು. ನಾನು ಅವಳ ಮೇಲೆ ರೇಗಿದೆ. ಅವಳಿಗೆ ಆಶ್ಚರ್ಯ. ಆಮೇಲೆ ಹೊರಡುವಾಗ ಬಾಗಿಲಲ್ಲಿ ನಿಂತು, "ಭಾವ, ನಿಮಗೆ ಹುಷಾರಿದೆ ತಾನೆ?" ಅಂತ ಕೇಳಿದಳು. ಯಾಕೆ ಕೇಳಿದಳೋ. ನಿದ್ದೆ ಸಾಲದೆ ಮುಖ ಬಾಡಿರಬೇಕು.

ಇವಳು ಶುರು ಮಾಡಿದ್ದು ಹಾಗೇ ಉಳಿಯಿತು. ನಾದಿನಿ ಹೋದ ಮೇಲೆ ಅರ್ಧ ಗಂಟೆ ಕೂತಿದ್ದೆ. ಬರಲಿಲ್ಲ. ಭಯವಾಗುತ್ತಿದೆ, ಇನ್ನು ನಾಲ್ಕೇ ದಿನ. ಈಗೀಗ ಪದಗಳು ಬರುತ್ತವೆ, ವಾಕ್ಯ ಬರುವುದಿಲ್ಲ.

ಏಪ್ರಿಲ್ 9, ಬುಧವಾರ

ನಾಳೆಯದನ್ನು ನೆನೆಸಿ ಇಬ್ಬರಿಗೂ ಊಟ ಸೇರಲಿಲ್ಲ.

ಏಪ್ರಿಲ್ 10, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೇಡಂ ನನಗೆ ಗೋಡೆ ಪಕ್ಕದ ಕುರ್ಚಿ ತೋರಿಸಿ, ಬಾಯಿ ತೆರೆಯಬಾರದು ಅಂದರು. ಇವಳಿಗೆ ಚಿತ್ರ ತೋರಿಸಿದರು. ಮರ, ಮನೆ, ಬಸ್ಸು. ಪದಗಳು ಬಂದವು, ಒಂದೊಂದೇ. ಮರದ ಕೆಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಕೇಳಿದರೆ "ಹೆಂಗಸು" ಅಂದಳು, ಅಲ್ಲಿಗೆ ನಿಂತಿತು. ಮೇಡಂ ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಏನು ಗುರುತೋ ನನಗೆ ಕಾಣಿಸಲಿಲ್ಲ, ಆದರೆ ಅವರ ಮುಖ ನೋಡಿಯೇ ಗೊತ್ತಾಯಿತು. ಕೊನೆಗೆ ಚಿತ್ರಗಳನ್ನೆಲ್ಲ ಎತ್ತಿಟ್ಟು, ನನ್ನ ಕಡೆ ಕೈ ತೋರಿಸಿ ಕೇಳಿದರು: "ಇವರಿಗೆ ಏನಾದ್ರೂ ಹೇಳೋದಿದೆಯಾ?"

ಇವಳು ನನ್ನ ಕಡೆ ತಿರುಗಿದಳು.

"ಅವತ್ತು" ಅಂದಳು. ಗೋಡೆಯ ಆಚೆ ಯಾರೋ ಕೆಮ್ಮಿದರು. "ಬೆಳಿಗ್ಗೆ... ನಾನು... ಹೇಳ್ತಿದ್ದೆ." ಮೇಡಂ ಪೆನ್ನು ಕೈಗೆತ್ತಿಕೊಂಡರು. "ನಂಗ್ಯಾಕೋ..."

ಅಲ್ಲಿ ನಿಂತಳು. ಆ ಮಾತು ನಾನು ಕೇಳಿದ್ದೆ. ಜನವರಿ ಹದಿನಾರು, ನಾನು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದೆ. ಇವಳು ಹೊಲಿಗೆ ಬಿಟ್ಟು ಎದ್ದು ಬಂದು, "ರೀ, ಎದ್ದಾಗಿಂದ ನಂಗ್ಯಾಕೋ" ಅಂದಳು. "ಬೇಜಾರು, ಗೊತ್ತು. ಭಾನುವಾರ ಎಲ್ಲಾದ್ರೂ ಹೋಗೋಣ" ಅಂತ ನಾನು ಮುಗಿಸಿ, ಮೆಟ್ಟಿಲಿಳಿದು ಹೋದೆ. ಹನ್ನೊಂದು ಗಂಟೆಗೆ ನಾದಿನಿ ಬಂದು ನೋಡಿದಾಗ ಇವಳು ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದಳು. ಎಲ್ಲ ಡಾಕ್ಟರುಗಳೂ ಕೇಳಿದರು, ಬೆಳಿಗ್ಗೆ ಏನಾದರೂ ಸೂಚನೆ ಇತ್ತಾ ಅಂತ. ಇರಲಿಲ್ಲ ಅಂತ ಹೇಳಿದೆ. ಸುಳ್ಳು ಹೇಳಲಿಲ್ಲ, ಆಣೆ ಮಾಡಿ ಬರೆಯುತ್ತೇನೆ. ಆ ಗಳಿಗೆಯವರೆಗೂ ಅದು ನನಗೆ ನೆನಪೇ ಇರಲಿಲ್ಲ.

ಇವಳು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ.

"ಬೇಜಾರು... ಅಲ್ಲ" ಅಂದಳು. "ಕೈ... ಜೋಮು... ಹಿಡಿದಿತ್ತು."

ಮೇಡಂಗೆ ಇದರ ಹಿಂದಿನದೇನೂ ಗೊತ್ತಿಲ್ಲ. ಅವರು ಖುಷಿಯಿಂದ ಪದ ಎಣಿಸಿದರು. ತಾನಾಗಿ ಹೇಳಿದ್ದು, ಪೂರ್ತಿ ಹೇಳಿದ್ದು, ತುಂಬ ಚೆನ್ನಾಗಿ ಹೇಳಿದಿರಿ ಅಂತ ಇವಳ ಬೆನ್ನು ತಟ್ಟಿ, ಇನ್ನೂ ಹನ್ನೆರಡು ವಾರಕ್ಕೆ ಬರೆದುಕೊಟ್ಟರು. ಇವಳು ಸಣ್ಣಗೆ ಉಸಿರು ಬಿಟ್ಟು, "ಈಗ... ಹೇಳ್ದೆ" ಅಂದಳು. ಸಿಟ್ಟಿರಲಿಲ್ಲ. ಹೊತ್ತುಕೊಂಡು ಬಂದ ಚೀಲವನ್ನು ಕೆಳಗಿಟ್ಟವಳ ಹಾಗಿತ್ತು ಮುಖ. ನಾನು ಎದ್ದು ಹೋಗಿ ಆ ಕೈಯನ್ನೇ ಹಿಡಿದುಕೊಂಡೆ. ತಪ್ಪಾಯಿತು ಅಂತ ಹೇಳಿದೆನೋ ಹೇಳಲಿಲ್ಲವೋ ನೆನಪಿಲ್ಲ, ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ.

ಆಸ್ಪತ್ರೆ ಎದುರಿನ ಸ್ಟಾಪಿನಲ್ಲಿ ನಿಂತೆವು. ಮೊದಲನೇ ಬಸ್ಸು ಬರುವಾಗ ಇವಳು ಮತ್ತೆ ಏನೋ ಶುರು ಮಾಡಿದಳು. "ರೀ" ಅಂದಳು, ಅಲ್ಲಿಗೆ ನಿಂತಿತು. ನಾನು ಕಾದೆ. ಬಸ್ಸು ಹೋಯಿತು. "ಮೊದಲ್ನೇ" ಅಂದಳು, ಮುಖ ಕೆಂಪಗಾಯಿತು, ನಾನು ತಲೆಯಾಡಿಸಿದೆ, ನಿಧಾನವಾಗಿ ಹೇಳು ಅಂತ. ಎರಡನೇ ಬಸ್ಸು ಬಂದು ಹೋಯಿತು. ಮೂರನೆಯದರ ಕಂಡಕ್ಟರು ಬಾಗಿಲಲ್ಲಿ ನಿಂತು ಹತ್ತುತ್ತೀರಾ ಅಂತ ಕೂಗಿದ. ಇವರು ಮಾತಾಡುತ್ತಾ ಇದ್ದಾರೆ, ನೀವು ಹೊರಡಿ ಅಂದೆ. ಅವನು ನಮ್ಮಿಬ್ಬರನ್ನೂ ನೋಡಿ, ಸೀಟಿ ಊದಿ ಹೋದ. ಆಮೇಲೆ ಇವಳ ಮಾತು ಮುಗಿಯಿತು.

"ಮೊದಲ್ನೇ... ಬಸ್ಸಲ್ಲೇ... ಸೀಟಿತ್ತು. ಕಾಲು ನೋವು... ಹತ್ತೋಣ... ಅಂತ... ಹೇಳ್ತಿದ್ದೆ."

ನಾಲ್ಕನೆಯದಕ್ಕೆ ಹತ್ತಿದೆವು. ಯಾರೋ ಎದ್ದು ಅವಳಿಗೆ ಜಾಗ ಕೊಟ್ಟರು. ನಾನು ಮನೆಯವರೆಗೂ ನಿಂತೇ ಬಂದೆ.